ಕೊಂಡ ತಾಳಕ್ಕೆ ಕಟ್ಟಿದ ಕೋಲಾಟ

ಕೋಲಾರದ ಸಭಾಂಗಣವೊಂದರಲ್ಲಿ, ತುಂಬಿದ ಜನರ ಎದುರು, ಮೈಕಿನಲ್ಲಿ, ಕೋಲು ಹಿಡಿದು ನಿಂತಿದ್ದ ಹೆಂಗಸರನ್ನು ಮೋಸಗಾರರು ಎಂದವರು ನೀವು. ಆ ಮಾತನ್ನಾಡುವ ಮೊದಲು ನೀವು ಯಾವ ನಿಯಮವನ್ನೂ ಓದಿ ಹೇಳಲಿಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಪೂರ್ತಿಯಾಗುವವರೆಗೆ ಕಾಯಲಿಲ್ಲ, ಅವರ ಕೋಲಾಟವನ್ನು ಕೊನೆಯವರೆಗೆ ನೋಡಲೂ ಇಲ್ಲ. ಜಾನಪದವನ್ನು ಉಳಿಸುತ್ತೇವೆಂದು ಬ್ಯಾನರು ಕಟ್ಟಿ ಸ್ಪರ್ಧೆ ನಡೆಸಿದ ಸಂಘಟಕರೂ ಆ ಬ್ಯಾನರಿನ ಕೆಳಗೆ ಕುಳಿತಿದ್ದ ನಿರ್ಣಾಯಕರೂ ಇದಕ್ಕೆ ಸಮಾನವಾಗಿ ಹೊಣೆಗಾರರು. ನಿಮ್ಮ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ನಿಮಗೆ ಗೊತ್ತಿವೆ.

ಇದನ್ನು ಸಿಟ್ಟಿನಿಂದಲೇ ಬರೆದು ಮುಗಿಸಬೇಕೆಂದುಕೊಂಡಿದ್ದೆ. ಕುಳಿತಾಗಲೆಲ್ಲ ಸಿಟ್ಟಿಗಿಂತ ಮೊದಲು ನಾಚಿಕೆ ಬರುತ್ತದೆ. ಅದು ಯಾರ ನಾಚಿಕೆ, ಯಾರಿಂದ ಬಂದದ್ದು, ಯಾರಿಗೆ ಸೇರಬೇಕಾದದ್ದು ಎಂಬುದನ್ನು ಬಿಡಿಸಿ ನೋಡದೆ ನಿಮ್ಮನ್ನು ಏನನ್ನೂ ಕೇಳಲಾರೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾನು ಮಾಲೂರಿನವಳು. ವಿಶ್ವವಿದ್ಯಾಲಯದಲ್ಲಿ ಸಂಗೀತ ಓದಿ, ಈಗ ಮನೆಯ ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಸಂಗೀತ ಸಂಯೋಜನೆ ಮಾಡುತ್ತೇನೆ. ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ಲಕ್ಕೂರಿನಲ್ಲಿ ಇದ್ದಾರೆ. ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಆ ಕಾರ್ಖಾನೆಯ ಹೆಂಗಸರೇ ಸೇರಿ ಕಟ್ಟಿಕೊಂಡ ಕೋಲಾಟದ ತಂಡಕ್ಕೆ ಅತ್ತೆಯೇ ಮುಂದಾಳು. ಅರ್ಧ ತಂಡ ಲಕ್ಕೂರಿನ ಕಡೆಯವರದು. ಅವರಿಗೆ ಬೆಳಗಿನ ಪಾಳಿ. ಇನ್ನರ್ಧ ಮಾಸ್ತಿಯ ಕಡೆಯವರದು. ಅವರಿಗೆ ಮಧ್ಯಾಹ್ನದ ಪಾಳಿ. ಮಾಸ್ತಿಯ ಸಾಲಿಗೆ ಮುಂದಾಳಾಗಿದ್ದವರು ಮುಳಬಾಗಿಲಿನಿಂದ ಮದುವೆಯಾಗಿ ಬಂದ ಹೆಂಗಸು. ಎಲ್ಲರೂ ಅವರನ್ನು ಮುಳಬಾಗಿಲಕ್ಕ ಎಂದೇ ಕರೆಯುತ್ತಿದ್ದರು. ಮನೆಮಾತು ತೆಲುಗು, ಕನ್ನಡ ಮಾತನಾಡುವಾಗಲೂ ತೆಲುಗು ಒಳಗಿನಿಂದ ಇಣುಕುತ್ತಿತ್ತು.

ತಂಡಕ್ಕೆ ಡೋಲಕ್ ನುಡಿಸುತ್ತಿದ್ದವರು ಟೇಕಲ್‌ನವರು. ಅವರು ಸೆಕ್ಯೂರಿಟಿ ಕೆಲಸಕ್ಕೆ ಸೇರಿದ ಮೇಲೆ ಯಾವ ವಾರ ಹಗಲು, ಯಾವ ವಾರ ರಾತ್ರಿ ಎಂದು ಅವರಿಗೇ ತಿಳಿಯದಂತಾಯಿತು. ಅಭ್ಯಾಸ ನಿಂತಿತು. ಒಂದು ಭಾನುವಾರ ಅತ್ತೆ ನಮ್ಮ ಮನೆಗೆ ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತರು.

"ಏನೇ, ಅದ್ರಾಗೆ ತಾಳ ಸಿಗ್ತದಂತಲ್ಲ, ನಮ್ಗೊಂದು ತೆಕ್ಕೊಡೇ."

"ಅತ್ತೆ, ಅದು ನಾನು ನುಡಿಸೋದಲ್ಲ. ಯಾರೋ ನುಡಿಸಿ ಇಟ್ಟಿರ್ತಾರೆ, ನಾವು ಕೊಂಡ್ಕೋಬೇಕು."

"ಯಾರ್ ನುಡಿಸಿದ್ರೇನು, ಮಧ್ಯದಾಗೆ ಬೀಡಿ ಸೇದಕ್ಕೆ ಎದ್ದೋಗಲ್ಲ ತಾನೆ? ಸಾಕು."

ಲೂಪ್ ಎಂಬುದನ್ನು ಕಂಡಿಲ್ಲದವರಿಗೆ ಒಂದು ಮಾತು. ಎಲ್ಲೋ ಒಬ್ಬ ವಾದಕ ನುಡಿಸಿದ ತಾಳದ ಒಂದೆರಡು ಆವರ್ತಗಳನ್ನು ಧ್ವನಿಮುದ್ರಿಸಿ, ಬಾಲ ಹೋಗಿ ತಲೆಗೆ ಸೇರುವಂತೆ ಕತ್ತರಿಸಿ ಇಟ್ಟಿರುತ್ತಾರೆ. ಅದನ್ನು ಹಾಕಿದರೆ ತಾಳ ನಿಲ್ಲದೆ ಸುತ್ತುತ್ತಲೇ ಇರುತ್ತದೆ. ಇಂಥ ತುಂಡುಗಳ ಸಂಗ್ರಹಗಳು ಮಾರಾಟಕ್ಕೆ ಸಿಗುತ್ತವೆ. ಕೊಂಡವರು ತಮ್ಮ ಸಂಗೀತದಲ್ಲಿ ಬಳಸಬಹುದೆಂಬ ಒಪ್ಪಿಗೆಯೂ ಜೊತೆಗೇ ಬರುತ್ತದೆ. ನನ್ನ ಬಳಿಯಿದ್ದ ಸಂಗ್ರಹದಿಂದ ಎಂಟು ಮಾತ್ರೆಗಳ ಒಂದು ಡೋಲಕ್ ಲೂಪ್ ಆರಿಸಿ, ಅದನ್ನು ಉದ್ದಕ್ಕೆ ಜೋಡಿಸಿ ಅತ್ತೆಯ ಫೋನಿಗೆ ಕಳುಹಿಸಿದೆ.

ಮುಂದೆ ಆದದ್ದು ಒಂದು ಎಡವಟ್ಟು. ಆ ಹೆಂಗಸರು ಪಾಳಿಯಲ್ಲಿ ದುಡಿಯದಿದ್ದರೆ, ಆ ತಾಳ ಕೊಂಡ ಲೂಪ್ ಆಗಿರದಿದ್ದರೆ ಅದು ಆಗುತ್ತಲೇ ಇರಲಿಲ್ಲ.

ಫೈಲನ್ನು ಹತ್ತು ಜನಕ್ಕೆ ಕಳುಹಿಸುವುದು ಅತ್ತೆಗೆ ಬಾರದು. ವಾಟ್ಸಾಪಿನಲ್ಲಿ ಸ್ಟೇಟಸ್ ಇಡುವುದು ಮಾತ್ರ ಬರುತ್ತಿತ್ತು. ತಾಳವನ್ನು ಸ್ಟೇಟಸ್ಸಿಗೆ ಹಾಕಿ, ಎಲ್ಲರೂ ಅಲ್ಲಿಂದಲೇ ತೆಗೆದುಕೊಳ್ಳಿ ಎಂದುಬಿಟ್ಟರು. ಲಕ್ಕೂರಿನವರು ಅತ್ತೆಯ ಫೋನನ್ನೇ ನಡುವೆ ಇಟ್ಟುಕೊಂಡು ಸಂಜೆಯ ಹೊತ್ತು ಕಲಿತರು. ಮುಳಬಾಗಿಲಕ್ಕ ಒಂದು ಫೋನಿನಲ್ಲಿ ಸ್ಟೇಟಸ್ ಹಾಕಿ, ಇನ್ನೊಂದು ಫೋನನ್ನು ಪಕ್ಕಕ್ಕೆ ಹಿಡಿದು, ಆಗಲೇ ಓಡುತ್ತಿದ್ದ ತಾಳವನ್ನು ನಡುವಿನಿಂದ ರೆಕಾರ್ಡ್ ಮಾಡಿಕೊಂಡರು. ಮಾಸ್ತಿಯವರು ಅದನ್ನೇ ಹಾಕಿಕೊಂಡು, ಪಾಳಿಗೆ ಹೊರಡುವ ಮುಂಚೆ, ಕಂಪನಿ ಬಸ್ಸು ನಿಲ್ಲುವ ಜಾಗದಲ್ಲಿ, ಬ್ಯಾಗುಗಳನ್ನು ಒಂದು ಕಡೆ ಗುಡ್ಡೆ ಹಾಕಿ ಅಭ್ಯಾಸ ಮಾಡಿದರು. ಎರಡು ಸಾಲೂ ಒಂದೇ ಹೆಜ್ಜೆ ಕಲಿತಿದ್ದವು: ಮೊದಲ ನಾಲ್ಕು ಮಾತ್ರೆಗೆ ಕೋಲಿಗೆ ಕೋಲು ಹೊಡೆಯುವುದು, ಮುಂದಿನ ನಾಲ್ಕಕ್ಕೆ ಸದ್ದಿಲ್ಲದೆ ತಿರುಗುವುದು. ಮೊದಲು ಯಾವುದು, ಮುಂದಿನದು ಯಾವುದು ಎಂಬುದನ್ನು ಮಾತ್ರ ಪ್ರತಿಯೊಂದು ಸಾಲೂ ತನ್ನ ಫೋನಿನಿಂದ ತಿಳಿದುಕೊಂಡಿತ್ತು.

ಎರಡು ಪಾಳಿಯವರಿಗೂ ರಜೆ ಇದ್ದ ಒಂದು ದಿನ ಮಾಲೂರಿನ ರಾಗಿ ಗಿರಣಿಯ ಹಿಂದಿನ ಖಾಲಿ ಸೈಟಿನಲ್ಲಿ ಎರಡೂ ಸಾಲುಗಳು ಎದುರುಬದುರಾಗಿ ನಿಂತವು. ನಾನು ಸ್ಪೀಕರಿನಲ್ಲಿ ತಾಳ ಹಾಕಿದೆ. ಲಕ್ಕೂರಿನವರು ಕೋಲೆತ್ತಿ ಹೊಡೆದರು. ಎದುರಿನವರು ಆಗಲೇ ಬೆನ್ನು ತೋರಿಸಿ ತಿರುಗುತ್ತಿದ್ದರು. ಅವರು ತಿರುಗಿ ಬಂದು ಹೊಡೆಯುವಷ್ಟರಲ್ಲಿ ಇವರು ತಿರುಗುತ್ತಿದ್ದರು. ಕೋಲುಗಳು ಗಾಳಿಯಲ್ಲಿ ಬೀಸಿ ಒಂದೆರಡು ಗೆಣ್ಣುಗಳಿಗೆ ಬಿದ್ದವು.

"ಏಮಕ್ಕಾ, ಕೋಲು ಹೊಡೀಬೇಕೋ ಸೊಳ್ಳೆ ಹೊಡೀಬೇಕೋ?" ಎಂದರು ಮುಳಬಾಗಿಲಕ್ಕ, ಬೆರಳು ಬಾಯಿಗಿಟ್ಟುಕೊಂಡು.

"ನೀವೇ ತಪ್ಪು ಕಲ್ತಿರಾದು. ನಾವು ಫೋನ್ ಇಟ್ಕೊಂಡೇ ಕಲ್ತಿದ್ದು," ಎಂದರು ಅತ್ತೆ.

"ನಾವೇನು ರೇಡಿಯೋ ಇಟ್ಕೊಂಡು ಕಲ್ತ್ವಾ? ಅದೇ ತಾಳ, ಚೂಡು, ಕೇಳು!"

ಇಬ್ಬರೂ ಫೋನು ತೆಗೆದು ತಾಳ ಹಾಕಿದರು. ಎರಡನ್ನೂ ಕೇಳಿದಾಗ ನನಗೆ ವಿಷಯ ತಿಳಿಯಿತು. ಡೋಲಕ್ಕಿನ ಎಡಬದಿಯ ಗುಮ್ಮೆನ್ನುವ ಪೆಟ್ಟು ಆ ಲೂಪಿನಲ್ಲಿ ಎರಡು ಸಲ ಬೀಳುತ್ತಿತ್ತು, ಮೊದಲನೆಯ ಮಾತ್ರೆಗೊಮ್ಮೆ, ಐದನೆಯದಕ್ಕೊಮ್ಮೆ. ಲಕ್ಕೂರಿನವರಿಗೆ ಒಂದು ಪೆಟ್ಟು ಆರಂಭವಾಗಿತ್ತು, ಮಾಸ್ತಿಯವರಿಗೆ ಇನ್ನೊಂದು. ಮನುಷ್ಯ ನುಡಿಸುವ ಡೋಲಕ್ಕಿಗೆ ಆರಂಭವೆಂಬುದು ಇರುತ್ತದೆ. ನುಡಿಸುವವನು ಕತ್ತೆತ್ತಿ ನೋಡುತ್ತಾನೆ, ಗದರುತ್ತಾನೆ, ತಪ್ಪಿದವರನ್ನು ತಾಳಕ್ಕೆ ಎಳೆದು ತರುತ್ತಾನೆ. ಲೂಪಿಗೆ ಆ ಅಧಿಕಾರವಿಲ್ಲ. ನೀವು ಎಲ್ಲಿ ಒಳಗೆ ಬಂದರೂ ಅದು ಬಾಗಿಲು ತೆರೆದುಕೊಂಡೇ ಇರುತ್ತದೆ.

ನಾನು ಪಡೆದ ಶಿಕ್ಷಣ ನನ್ನಿಂದ ಮಾಡಿಸಿದ್ದು ಒಂದೇ ಕೆಲಸ. ತಪ್ಪನ್ನು ತಿದ್ದುತ್ತೇನೆ, ತಾಳ ಶುರುವಾಗುವ ಮುಂಚೆ ಒಂದು, ಎರಡು ಎಂಬ ಎಣಿಕೆ ಸೇರಿಸಿ ಹೊಸ ಫೈಲು ಕೊಡುತ್ತೇನೆ, ಮಾಸ್ತಿಯವರು ಮತ್ತೆ ಕಲಿಯಿರಿ ಎಂದೆ.

"ಮತ್ತೆ ಯಾರು ಕಲೀತಾರಮ್ಮಾ!" ಮುಳಬಾಗಿಲಕ್ಕ ಸೊಂಟಕ್ಕೆ ಕೈಯಿಟ್ಟರು. "ಕಾಲು ಒಂದ್ಸಲ ಕಲ್ತಿದ್ದು ಬಿಡ್ತದಾ? ಲೇ, ನೀವು ಹೊಡೀವಾಗ ನಾವು ತಿರುಗ್ತೀವಿ, ನಾವು ಹೊಡೀವಾಗ ನೀವು ತಿರುಗಿ. ಯಾರು ಸತ್ತೋಯ್ತಾರೆ?"

"ಮತ್ತೆ ಕೋಲು ಯಾರ್ ಮೇಲೆ ಹೊಡ್ಕೊಳ್ಳಾದು, ನಿನ್ ಗಂಡನ್ ಮೇಲಾ?" ಎಂದು ಲಕ್ಕೂರಿನ ಸಾಲಿನಿಂದ ಯಾರೋ ಕೂಗಿದರು.

"ಆತಂದು ಮನೇಲಿ ನೋಡ್ಕೊಂತೀನಿ, ನಿನ್ ಪಕ್ಕದೋಳ್ ಕೋಲು ಹೊಡಿ ನೀನು."

ನಗು ಮುಗಿಯುವಷ್ಟರಲ್ಲಿ ಸಾಲುಗಳು ಎರಡು ಸುತ್ತುಗಳಾಗಿದ್ದವು. ಒಳಸುತ್ತಿನಲ್ಲಿ ಲಕ್ಕೂರಿನವರು, ಹೊರಸುತ್ತಿನಲ್ಲಿ ಮಾಸ್ತಿಯವರು. ಜೋಡಿ ಈಗ ಎದುರಿನವಳಲ್ಲ, ಪಕ್ಕದವಳು. ತಾಳ ಹಾಕಿದೆ. ಒಳಗಿನವರು ಹೊಡೆದು ತಿರುಗುವ ಹೊತ್ತಿಗೆ ಸರಿಯಾಗಿ ಹೊರಗಿನವರು ಹೊಡೆದರು. ಕೋಲಿನ ಸದ್ದು ಎಲ್ಲೂ ಕಡಿಯಲಿಲ್ಲ. ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಹೋಗಿಬರುತ್ತಿತ್ತು. ಯಾರು ಮೊದಲು ಹಾಡು ಎತ್ತಿದರೋ ನೆನಪಿಲ್ಲ, ಹಾಡೂ ಹಾಗೆಯೇ ಎರಡಾಯಿತು. "ಬಸ್ಸು ಬಂತೇನೇ ಅಕ್ಕಾ, ಬಸ್ಸು ಬಂತೇನೇ" ಎಂದು ಒಳಸುತ್ತು ಕನ್ನಡದಲ್ಲಿ ಕೇಳಿದರೆ, "ವಸ್ತಾ ಉಂದಿ ಉಂಡವೇ ಚೆಲ್ಲೀ" ಎಂದು, ಬರುತ್ತಿದೆ ಇರೇ ತಂಗಿ ಎಂದು, ಹೊರಸುತ್ತು ತೆಲುಗಿನಲ್ಲಿ ಉತ್ತರ ಕೊಟ್ಟಿತು. ಕಂಪನಿ ಬಸ್ಸು, ಸೂಪರ್‌ವೈಸರ್, ಡಬ್ಬಿಯಲ್ಲಿ ತಣ್ಣಗಾದ ಮುದ್ದೆ, ಎಲ್ಲವೂ ಆ ಹಾಡಿನೊಳಗೆ ಬಂದವು.

ಅಲ್ಲಿ ನಾನು ಕಂಡದ್ದನ್ನು ನನ್ನ ತರಗತಿಗಳಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಸಿದ್ಧ ತಾಳವೆಂದರೆ ಸಿದ್ಧ ಸಂಗೀತವಲ್ಲ. ಆ ಲೂಪ್ ಬೇರೆ ನೂರು ಜನರ ಬಳಿಯೂ ಇರಬಹುದು. ಆ ಎರಡು ಸುತ್ತುಗಳು ಇನ್ನಾರ ಬಳಿಯೂ ಇರಲಾರವು. ಲೂಪುಗಳ ಪರವಾಗಿ ಕುರುಡಾಗಿ ವಾದಿಸುವವಳೂ ನಾನಲ್ಲ. ಸಿಕ್ಕ ತುಂಡುಗಳನ್ನು ಒಂದರ ಮೇಲೊಂದು ಹೇರಿ ಅಂಗಡಿಗಳ ಉದ್ಘಾಟನೆಗೆ ಸಂಗೀತವೆಂದು ಕೊಟ್ಟಿದ್ದೇನೆ. ಅದರಲ್ಲಿ ಸೃಜನಶೀಲವಾದದ್ದು ಏನೂ ಇರಲಿಲ್ಲ. ಕೊಂಡ ತಾಳವೂ ಕಟ್ಟಿಗೆಯ ಕೋಲಿನಂಥದೇ ಒಂದು ವಸ್ತು. ಅದರಿಂದ ಹೊಸದಾಗಿ ಏನು ಎದ್ದಿತೆಂಬುದನ್ನು ನೋಡಬೇಕಾದರೆ ಕಣ್ಣು ಬಿಟ್ಟು ನೋಡಬೇಕಾಗುತ್ತದೆ.

ಕೋಲಾರದ ಸ್ಪರ್ಧೆಗೆ ಹೆಸರು ಕೊಟ್ಟದ್ದು ಅತ್ತೆ. ಗೆದ್ದರೆ ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಶುರುವಾಗುವಾಗ ನಡೆಯುವ ಕಾರ್ಯಕ್ರಮಕ್ಕೂ ಕರೆಯುತ್ತೇವೆಂದು ಅಲ್ಲಿನವರೊಬ್ಬರು ಹೇಳಿದ್ದರು. ಕಾರ್ಖಾನೆಯಾಚೆ ತಮ್ಮನ್ನು ಯಾವುದೋ ಒಂದು ಹೆಸರಿನಿಂದ ಜನ ಗುರುತಿಸುತ್ತಾರೆ ಎಂಬುದೇ ಆ ಹೆಂಗಸರಿಗೆ ದೊಡ್ಡದಾಗಿತ್ತು. ಒಂದೇ ಬಣ್ಣದ ಸೀರೆ ಸಿಗದೆ, ಕೊನೆಗೆ ಒಳಸುತ್ತಿಗೆ ಹಸಿರು, ಹೊರಸುತ್ತಿಗೆ ಹಳದಿ ಎಂದು ತೀರ್ಮಾನಿಸಿ ಬಂದಿದ್ದರು.

ನಾನು ವೇದಿಕೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕುಳಿತಿದ್ದೆ. ಮೊದಲ ಭಾಗ ಮುಗಿದು ಹಾಡಿನ ಪ್ರಶ್ನೋತ್ತರ ಶುರುವಾಗುತ್ತಿದ್ದಂತೆ ಹಿರಿಯ ನಿರ್ಣಾಯಕರು ಕೈಯೆತ್ತಿದರು. ಅವರು ನನ್ನ ಗುರುಗಳಾಗಿದ್ದವರು.

"ಒಂದ್ನಿಮಿಷ, ಮ್ಯೂಸಿಕ್ ನಿಲ್ಸಿ. ಡೋಲಕ್ ಎಲ್ಲಮ್ಮಾ?"

ಅತ್ತೆ ಸಹಜವಾಗಿಯೇ ನನ್ನ ಲ್ಯಾಪ್‌ಟಾಪಿನ ಕಡೆ ಕೋಲು ತೋರಿಸಿದರು. ಸಭೆ ನಕ್ಕಿತು.

"ನೀವೇ ರೆಕಾರ್ಡ್ ಮಾಡಿದ್ದಾ ಇದು?" ಎಂದು ನನ್ನನ್ನು ಕೇಳಿದರು.

"ಇಲ್ಲ ಸರ್, ಲೂಪ್. ಕೊಂಡಿದ್ದು. ಆದರೆ ಇವರು ಅದನ್ನ..."

"ಕೊಂಡಿದ್ದು! ಕೇಳಿದ್ರಾ? ಕೊಂಡ ತಾಳಕ್ಕಾದರೂ ಹೆಜ್ಜೆ ಕೂಡುತ್ತಾ ಅಂದ್ರೆ ಅದೂ ಇಲ್ಲ. ಒಳಗಿನವರದ್ದು ಒಂದು ಲೆಕ್ಕ, ಹೊರಗಿನವರದ್ದು ಇನ್ನೊಂದು." ಆಮೇಲೆ ನನ್ನ ಮುಖವನ್ನು ಸರಿಯಾಗಿ ನೋಡಿದರು. "ನೀನು ನಮ್ಮ ವಿಭಾಗದಲ್ಲೇ ಓದಿದವಳಲ್ವಾ? ನಾಚಿಕೆ ಆಗಬೇಕು. ಇದು ಜಾನಪದ ಅಲ್ಲ, ಜನಕ್ಕೆ ಮಾಡೋ ಮೋಸ."

"ಸ್ವಾಮಿ, ಇನ್ನೂ ಐತೆ, ಅರ್ಧ ಆಗಿರಾದು," ಎಂದರು ಅತ್ತೆ.

ನಿರೂಪಕರು ಮುಂದಿನ ತಂಡದ ಹೆಸರು ಕೂಗಿದರು.

ನಾಚಿಕೆ ಆಗಬೇಕು ಎಂದರು, ಆಯಿತು. ಆಜ್ಞೆಗೆ ಕಾಯುತ್ತಿದ್ದ ಆಳಿನಂತೆ ಅದು ಬಂದು ನನ್ನ ಕತ್ತನ್ನು ಬಗ್ಗಿಸಿತು. ವರ್ಷಗಟ್ಟಲೆ ನನಗೆ ಸರಿ ತಪ್ಪು ಹೇಳಿದ್ದ ಧ್ವನಿ ಅದು. ನನ್ನ ಬುದ್ಧಿ ಒಪ್ಪದಿದ್ದರೂ ನನ್ನ ದೇಹ ಅದಕ್ಕೆ ಪಳಗಿತ್ತು. ಲ್ಯಾಪ್‌ಟಾಪ್ ಮುಚ್ಚಿದೆ. ಹೆಂಗಸರು ಒಬ್ಬರ ಹಿಂದೊಬ್ಬರು ಮೆಟ್ಟಿಲಿಳಿಯುವಾಗ ಹಸಿರು ಹಳದಿ ಬೆರೆತುಹೋದವು. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಮಾಲೂರಿಗೆ ವಾಪಸು ಬರುವ ಬಸ್ಸಿನಲ್ಲಿ ಮುಳಬಾಗಿಲಕ್ಕ ಒಬ್ಬರೇ ಮಾತನಾಡುತ್ತಿದ್ದರು. "ಪೋನಿ ಬಿಡ್ರೇ. ಆವಯ್ಯಂಗೆ ಬೆಳಿಗ್ಗೆ ತಿಂಡಿ ಸಿಕ್ಕಿಲ್ಲ ಅನ್ಸುತ್ತೆ. ನಮ್ಮೂರಾಗಿದ್ರೆ ಒಂದು ತುಪ್ಪದ ದೋಸೆ ತಿನ್ನಿಸಿ ಕೂರಿಸ್ತಿದ್ದೆ, ಫಸ್ಟ್ ಪ್ರೈಜೇ ಕೊಡೋನು." ಒಂದಿಬ್ಬರು ನಕ್ಕರು. ಅತ್ತೆ ನಗಲಿಲ್ಲ. ಕಿಟಕಿಯ ಕಡೆಯಿಂದ ಮುಖ ತಿರುಗಿಸಿ ಮೆಲ್ಲಗೆ ಕೇಳಿದರು.

"ಅದು ಕದ್ದಿದ್ದಾ?"

"ಇಲ್ಲ ಅತ್ತೆ. ಕೊಂಡಿದ್ದು. ಬಳಸ್ಕೋಬಹುದು ಅಂತ ಒಪ್ಪಿಗೆ ಕೊಟ್ಟೇ ಮಾರೋದು."

"ಮತ್ತೆ ನೀನ್ಯಾಕೆ ತಲೆ ಬಗ್ಗಿಸ್ದೆ? ನೀನ್ ಬಗ್ಗಿಸಿದ್ದಕ್ಕೇ ನಾವೂ ಕಳ್ರು ಅನ್ಕೊಂಡ್ವಲ್ಲೇ."

ಇವತ್ತಿಗೂ ಲಕ್ಕೂರಿನ ಬಸ್ಸು ಹತ್ತುವಾಗ ಆ ಪ್ರಶ್ನೆ ನನ್ನ ಜೊತೆಗೇ ಹತ್ತುತ್ತದೆ. ನಿರ್ಣಾಯಕರೆದುರು ಆದ ನಾಚಿಕೆ ಕೆಲವು ದಿನಗಳಲ್ಲಿ ತಣ್ಣಗಾಯಿತು. ಅತ್ತೆಯೆದುರಿನದು ತಣ್ಣಗಾಗುತ್ತಿಲ್ಲ. ತಮ್ಮ ಕೋಲಾಟ ತಮ್ಮದೇ ಎಂದು ಆ ಬೆಳಿಗ್ಗೆಯವರೆಗೆ ಸಂಶಯವಿಲ್ಲದೆ ನಂಬಿದ್ದ ಹೆಂಗಸೊಬ್ಬರು ಕದ್ದದ್ದಾ ಎಂದು ಕೇಳಬೇಕಾಯಿತಲ್ಲ, ಅದಕ್ಕೆ.

ಆ ಮಾತಿನ ಪರಿಣಾಮವನ್ನು ನೀವು ನೋಡಿಲ್ಲವಾದ್ದರಿಂದ ಹೇಳುತ್ತೇನೆ. ಯಾರೋ ಆ ನಿಮಿಷವನ್ನು ಫೋನಿನಲ್ಲಿ ಹಿಡಿದಿದ್ದರು, ಅದು ಕಾರ್ಖಾನೆಯ ಗುಂಪುಗಳಲ್ಲಿ ಓಡಾಡಿತು. ಪ್ಯಾಕಿಂಗ್ ವಿಭಾಗದಲ್ಲಿ "ಏನ್ರೇ, ಡೂಪ್ಲಿಕೇಟ್ ಕೋಲಾಟ ಎಲ್ಲಿಗೆ ಬಂತು?" ಎನ್ನುವುದು ದಿನದ ತಮಾಷೆಯಾಯಿತು. ಶ್ರೀನಿವಾಸಪುರದವರು ಫೋನು ಮಾಡಿ, ಈ ಸಲ ಬೇಡ, ವಿಷಯ ಕೇಳಿದೆವು ಎಂದರು. ಅತ್ತೆ ಅಭ್ಯಾಸ ಬಿಟ್ಟರು. ಲಕ್ಕೂರಿನ ಸಾಲು ಅವರ ಹಿಂದೆಯೇ ಬಿಟ್ಟಿತು. ಮಾಸ್ತಿಯವರು ಕೆಲವು ದಿನ ಮುಂದುವರಿಸಿದರು. ಒಳಸುತ್ತಿಲ್ಲದ ಹೊರಸುತ್ತು ಹೊಡೆದು ತಿರುಗಿದರೆ ನಾಲ್ಕು ಮಾತ್ರೆ ಬರಿದಾಗಿ ಉಳಿಯುತ್ತದೆ, ಕೇಳುವವರಿಲ್ಲದೆ ಉತ್ತರ ಹಾಡಲಾಗುವುದಿಲ್ಲ. "ಅತ್ತೇನ ಕರ್ಕೊಂಡು ಬಾ ತಲ್ಲೀ, ಬಸ್ಸು ಬಂತಾ ಅಂತ ಕೇಳೋರೇ ಇಲ್ಲ ನಮ್ಗೆ," ಎಂದು ಮುಳಬಾಗಿಲಕ್ಕ ನನಗೆ ಹೇಳಿಕಳುಹಿಸಿದರು. ನಾನು ಹೋಗಿ ಕರೆದೆ. "ಆವಯ್ಯ ಮೈಕಿನಾಗೆ ಅಂದೌನೆ. ಮೈಕಿನಾಗೇ ಅಲ್ಲ ಅನ್ಲಿ, ಬತ್ತೀನಿ," ಎಂದರು ಅತ್ತೆ. ಅಷ್ಟೇ ಅವರ ಷರತ್ತು.

ಈಗ ನಿಮ್ಮ ತೀರ್ಪಿನ ಕಡೆ ಬರುತ್ತೇನೆ. ಅದೇ ದಿನ ಅದೇ ವೇದಿಕೆಯ ಮೇಲೆ ಪ್ರಾರ್ಥನೆ ಹಾಡಿದವರ ಹಿಂದೆ ತಂಬೂರಿ ಮೀಟಿದವರು ಯಾರು? ಅಂಗೈ ಅಗಲದ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ. ಅದರೊಳಗೂ ಯಾರೋ ಎಂದೋ ಮೀಟಿದ ತಂತಿಗಳ ನಾದವೇ ಸುತ್ತುತ್ತದೆ. ಗುರುಗಳೇ, ನಿಮ್ಮ ತರಗತಿಯಲ್ಲಿ ನಾನು ಹಾಡಲು ಕಲಿತದ್ದು ಅಂಥದೇ ಪೆಟ್ಟಿಗೆಯ ಮುಂದೆ. ಅದನ್ನು ಒತ್ತಿ ಚಾಲೂ ಮಾಡುತ್ತಿದ್ದವರು ನೀವೇ. ಬಹುಮಾನ ಕೊಡುವಾಗ ಮೊಳಗಿದ ಕಹಳೆಗಳು ಕೋಲಾರದ ಯಾವ ಬೀದಿಯ ವಾದಕರವು? ಅವುಗಳನ್ನು ನಾನು ಗುರುತಿಸಬಲ್ಲೆ, ಅವೂ ಕೊಂಡ ಲೂಪುಗಳೇ. ಅಲ್ಲೆಲ್ಲ ಇಲ್ಲದ ಮೋಸ ಪಾಳಿ ಮುಗಿಸಿ ಬಂದ ಹೆಂಗಸರ ಕೈಗೆ ಸಿಕ್ಕಾಗ ಮಾತ್ರ ಹೇಗೆ ಹುಟ್ಟಿತು? ಹೆಜ್ಜೆ ಕೂಡಿಲ್ಲ ಎಂದಿರಿ. ಒಳಸುತ್ತಿಗೂ ಹೊರಸುತ್ತಿಗೂ ನಡುವಿನ ನಾಲ್ಕು ಮಾತ್ರೆಗಳ ಅಂತರ ಮೊದಲಿನಿಂದ ನೀವು ಕೈಯೆತ್ತಿ ನಿಲ್ಲಿಸುವವರೆಗೆ ಒಂದೇ ಸಮನಾಗಿತ್ತು. ತಪ್ಪಾಗಿದ್ದರೆ ಅದು ಕದಲುತ್ತಿತ್ತು. ಇದನ್ನು ಕೇಳಿಸಿಕೊಳ್ಳಲು ಬೇಕಾದ ಕಿವಿ ನಿಮಗಿದೆ ಎಂದು ನಾನು ಬಲ್ಲೆ. ನನ್ನ ಕಿವಿಯನ್ನು ತಿದ್ದಿದವರೇ ನೀವು. ಕೊಂಡದ್ದು ಎಂಬ ಪದ ಕಿವಿಗೆ ಬಿದ್ದ ಮೇಲೆ ನೀವು ಕೇಳುವುದನ್ನೇ ನಿಲ್ಲಿಸಿದಿರಿ.

ಲೂಪಿನ ಬಗ್ಗೆ ಕೇಳಲೇಬೇಕಾದ ಒಂದು ಪ್ರಶ್ನೆ ನಿಜವಾಗಿಯೂ ಇತ್ತು. ಆ ಡೋಲಕ್ ನುಡಿಸಿದವರು ಯಾರು? ಸಂಗ್ರಹದಲ್ಲಿ ಅವರ ಹೆಸರಿಲ್ಲ. ನಾನು ಹುಡುಕಿದೆ, ಸಿಗಲಿಲ್ಲ. ಯಾವುದೋ ಊರಿನ ಆ ಕೈಗಳ ಸದ್ದಿಗೆ ನಮ್ಮ ಹೆಂಗಸರು ಕುಣಿದರು, ಕೃತಜ್ಞತೆ ಹೇಳಲು ಹೆಸರಿಲ್ಲದೆ. ಇದರ ಬಗ್ಗೆಯೂ ನನಗೆ ಸಂಕೋಚವಿದೆ. ನೀವು ಈ ಪ್ರಶ್ನೆ ಕೇಳಿದ್ದರೆ ತಲೆ ಬಗ್ಗಿಸಿದ್ದಕ್ಕೆ ಒಂದು ಅರ್ಥವಿರುತ್ತಿತ್ತು. ನೀವು ಕೇಳಲಿಲ್ಲ.

ಆದ್ದರಿಂದ ಸ್ಪರ್ಧೆಯ ಸಂಘಟಕರಲ್ಲಿಯೂ ನಿರ್ಣಾಯಕ ಮಂಡಲಿಯಲ್ಲಿಯೂ, ಅಂದು ತಾಳ ಒದಗಿಸಿದವಳಾಗಿ, ಅಧಿಕೃತವಾಗಿ ಕೇಳಿಕೊಳ್ಳುತ್ತಿದ್ದೇನೆ. ಲಕ್ಕೂರು ಮತ್ತು ಮಾಸ್ತಿಯ ಹೆಂಗಸರ ತಂಡವನ್ನು ಪ್ರದರ್ಶನದ ನಡುವೆ ಯಾವ ನಿಯಮದ ಅಡಿಯಲ್ಲಿ ಇಳಿಸಲಾಯಿತು ಎಂಬುದನ್ನು ಬರಹದಲ್ಲಿ ತಿಳಿಸಬೇಕು. ಅಂಥ ನಿಯಮವಿಲ್ಲದಿದ್ದರೆ ಇಲ್ಲವೆಂದೇ ತಿಳಿಸಬೇಕು. ಸಿದ್ಧ ಲೂಪುಗಳ ಬಳಕೆಗೆ ನಿಮ್ಮ ನಿಲುವೇನು, ಅದು ಸಂಘಟಕರ ಸಂಗೀತಕ್ಕೂ ಸ್ಪರ್ಧಿಗಳ ಸಂಗೀತಕ್ಕೂ ಒಂದೇ ಆಗಿರುತ್ತದೆಯೇ ಎಂಬುದನ್ನು ಮುಂದಿನ ಸ್ಪರ್ಧೆಗೆ ಮೊದಲೇ ಪ್ರಕಟಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೋಸ ಎಂಬ ಮಾತನ್ನು ಆಡಿದ ನಿರ್ಣಾಯಕರೇ, ಕಾಗದದಲ್ಲಿ ಅಲ್ಲ, ಅದೇ ಸಭಾಂಗಣದಲ್ಲಿ, ಮೈಕಿನಲ್ಲಿ, ಆ ಹೆಂಗಸರ ಎದುರು ಅದನ್ನು ಹಿಂತೆಗೆದುಕೊಳ್ಳಬೇಕು. ಬಳಿಕ ಅವರ ಕೋಲಾಟವನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡಬೇಕು. ಬಹುಮಾನ ಕೊಡುವುದು ಬಿಡುವುದು ನಿಮಗೆ ಸೇರಿದ್ದು, ಅದನ್ನು ನಾವು ಕೇಳುತ್ತಿಲ್ಲ. ದಿನಾಂಕವನ್ನು ನೀವೇ ಗೊತ್ತುಮಾಡಿ, ಎರಡು ಪಾಳಿಯವರಿಗೂ ರಜೆ ಇರುವ ದಿನವಾಗಿರಲಿ. ನಿಮ್ಮ ಉತ್ತರವನ್ನು ನನಗಲ್ಲ, ಲಕ್ಕೂರಿನಲ್ಲಿರುವ ತಂಡದ ಮುಂದಾಳಿಗೆ ಕಳುಹಿಸಿಕೊಡಬೇಕಾಗಿ ವಿನಂತಿ.